‘ಡೈ’ ಎಲ್ಲಿ ಬೇಕು, ಎಲ್ಲಿ ಬೇಡ? ಅಯಾನಿಕ್ ಮತ್ತು ಸಹವೇಲೆನ್ಸೀಯ ಸಂಯುಕ್ತಗಳಿಗೆ ಹೆಸರಿಡುವ ಬಗೆ

ಪ್ರಶ್ನೆ: ಒಂದು ಕ್ಯಾಲ್ಸಿಯಂ, ಎರಡು ಕ್ಲೋರಿನ್ ಇರುವ ಸಂಯುಕ್ತಕ್ಕೆ ‘ಕ್ಯಾಲ್ಸಿಯಂ ಡೈಕ್ಲೋರೈಡ್’ ಎಂದು ಬರೆದೆ, ತಪ್ಪು ಎಂದರು. ಒಂದು ಕಾರ್ಬನ್, ಎರಡು ಆಕ್ಸಿಜನ್ ಇದ್ದಾಗ ಮಾತ್ರ ‘ಡೈ’ ಬೇಕೇ ಬೇಕಂತೆ. ಸರಿ, ಲೋಹ ಇದ್ದರೆ ‘ಡೈ’ ಬೇಡ ಎಂದುಕೊಂಡರೆ ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಹೆಸರು ಪಠ್ಯಪುಸ್ತಕದಲ್ಲೇ ಇದೆ. ಎಲೆಕ್ಟ್ರೋನೆಗೆಟಿವಿಟಿಯ (ಪರಮಾಣು ಎಲೆಕ್ಟ್ರಾನ್‌ಗಳನ್ನು ಸೆಳೆಯುವ ಬಲದ) ವ್ಯತ್ಯಾಸ 1.7 ದಾಟಿದರೆ ಅಯಾನಿಕ್ ಎಂಬ ನಿಯಮ ಹಿಡಿದು ಹೊರಟರೂ ಅಲ್ಲಲ್ಲಿ ಉತ್ತರ ತಪ್ಪುತ್ತಿದೆ. ಕೈಗೆ ಒಂದು ಸೂತ್ರ ಕೊಟ್ಟರೆ ಅದಕ್ಕೆ ಯಾವ ಬಗೆಯ ಹೆಸರಿಡಬೇಕು ಎಂದು ಖಚಿತವಾಗಿ ತಿಳಿಯುವುದು ಹೇಗೆ?

ಉತ್ತರ: ಹೆಸರು ಇರುವುದೇ ಸೂತ್ರವನ್ನು ತಿಳಿಸಲು. ಹೆಸರು ಕೇಳಿದವರು ಪುಸ್ತಕ ತೆರೆಯದೆ ಒಂದೇ ಒಂದು ಸೂತ್ರವನ್ನು ಬರೆಯುವಂತಾದರೆ ಹೆಸರಿನ ಕೆಲಸ ಆಯಿತು. ಅದಕ್ಕಿಂತ ಹೆಚ್ಚು ಹೇಳಿದರೆ ಅನಗತ್ಯ, ಕಡಿಮೆ ಹೇಳಿದರೆ ಅಪೂರ್ಣ. ನಿಮ್ಮ ‘ಡೈ’ ಗೊಂದಲವನ್ನು ಈ ಒಂದು ಮಾತಿನಿಂದಲೇ ಬಿಡಿಸಬಹುದು.

ಕ್ಯಾಲ್ಸಿಯಂ ತನ್ನ ಸಂಯುಕ್ತಗಳಲ್ಲಿ 2+ ಆವೇಶದ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣು. ಕ್ಲೋರೈಡ್ ಎಂದಮೇಲೆ ಅದು 1− ಆವೇಶದ್ದು. ಒಟ್ಟು ಆವೇಶ ಸೊನ್ನೆ ಆಗಬೇಕಾದರೆ ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರೈಡ್ ಬಂದೇ ಬರಬೇಕು, ಬೇರೆ ದಾರಿಯಿಲ್ಲ. ಹಾಗಾಗಿ ‘ಕ್ಯಾಲ್ಸಿಯಂ ಕ್ಲೋರೈಡ್’ ಎಂದರೆ ಸಾಕು. ಕಾರ್ಬನ್ ಮತ್ತು ಆಕ್ಸಿಜನ್ ಸೇರಿದಾಗ ಇಂಥ ಕಟ್ಟುಪಾಡು ಇಲ್ಲ. ಒಂದಕ್ಕೆ ಒಂದು ಸೇರಿದರೆ ವಿಷಾನಿಲ ಕಾರ್ಬನ್ ಮೊನಾಕ್ಸೈಡ್, ಒಂದಕ್ಕೆ ಎರಡು ಸೇರಿದರೆ ಕಾರ್ಬನ್ ಡೈಆಕ್ಸೈಡ್. ನೈಟ್ರೋಜನ್ ಮತ್ತು ಆಕ್ಸಿಜನ್ ಇನ್ನೂ ಉದಾರಿಗಳು. ನೈಟ್ರೋಜನ್–ಆಕ್ಸಿಜನ್ ಸಂಖ್ಯೆ 2–1, 1–1, 2–3, 1–2, 2–4, 2–5 ಹೀಗೆ ಆರು ಬಗೆಯ ಆಕ್ಸೈಡುಗಳಾಗುತ್ತವೆ. ‘ನೈಟ್ರೋಜನ್ ಆಕ್ಸೈಡ್’ ಎಂದಷ್ಟೇ ಹೇಳಿದರೆ ಯಾವುದೆಂದು ಯಾರಿಗೂ ತಿಳಿಯದು. ಅಲ್ಲಿ ಎಣಿಸಿಯೇ ಹೇಳಬೇಕು.

ಅಂದರೆ ಅಯಾನಿಕ್ ಹೆಸರು ಆವೇಶವನ್ನು ನಂಬುತ್ತದೆ, ಸಹವೇಲೆನ್ಸೀಯ (ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡ) ಸಂಯುಕ್ತದ ಹೆಸರು ಎಣಿಕೆಯನ್ನು ನಂಬುತ್ತದೆ.

ಮುಂದೆ ಹೋಗುವ ಮೊದಲು ಬರಹದ ಬಗ್ಗೆ ಎರಡು ಮಾತು. ಇಲ್ಲಿ ಸಂಕೇತಗಳ ಬದಲು ಧಾತುಗಳ ಹೆಸರನ್ನೂ ಪರಮಾಣುಗಳ ಸಂಖ್ಯೆಯನ್ನೂ ಪದಗಳಲ್ಲೇ ಕೊಟ್ಟಿದ್ದೇನೆ. ಲೋಹದ ಹೆಸರಿನ ಪಕ್ಕದ ಆವರಣದಲ್ಲಿ ರೋಮನ್ ಅಂಕಿ ಬರೆಯುವುದು ವಾಡಿಕೆ. ಈ ಉತ್ತರದಲ್ಲಿ ಅದರ ಜಾಗದಲ್ಲಿ ಮಾಮೂಲಿ ಅಂಕಿ ಇದೆ. ನೀವು ಉತ್ತರಪತ್ರಿಕೆಯಲ್ಲಿ ರೋಮನ್ ಅಂಕಿಯನ್ನೇ ಬರೆಯಿರಿ.

ಮೊದಲು ನೋಡಬೇಕಾದ್ದು ಯಾವುದು

ಸೂತ್ರದ ಎಡತುದಿಯನ್ನು ನೋಡಿ. ಅಲ್ಲಿ ಲೋಹ ಇದ್ದರೆ ಅಯಾನಿಕ್ ಪದ್ಧತಿ. ಅಮೋನಿಯಂ ಗುಂಪು, ಅಂದರೆ ಒಂದು ನೈಟ್ರೋಜನ್ ಮತ್ತು ನಾಲ್ಕು ಹೈಡ್ರೋಜನ್ ಸೇರಿ 1+ ಆವೇಶ ಹೊತ್ತ ಅಯಾನು ಇದ್ದರೂ ಅದೇ ಪದ್ಧತಿ. ಸೂತ್ರದಲ್ಲಿರುವ ಎರಡು ಧಾತುಗಳೂ ಅಲೋಹಗಳಾಗಿದ್ದರೆ ಎಣಿಕೆ ಪದ್ಧತಿ. ಬೋರಾನ್, ಸಿಲಿಕಾನ್, ಜರ್ಮೇನಿಯಂ, ಆರ್ಸೆನಿಕ್‌ನಂಥ ಲೋಹಾಭಗಳನ್ನು ಹೆಸರಿಡುವಾಗ ಅಲೋಹಗಳ ಜೊತೆಗೇ ಸೇರಿಸಿ. ಬೋರಾನ್ ಟ್ರೈಫ್ಲೋರೈಡ್, ಸಿಲಿಕಾನ್ ಟೆಟ್ರಾಕ್ಲೋರೈಡ್ ಎಂದೇ ಹೇಳುವುದು. ಎಡತುದಿಯಲ್ಲಿ ಹೈಡ್ರೋಜನ್ ಇದ್ದರೆ ಅದರ ಕಥೆ ಬೇರೆ, ಮುಂದೆ ಬರುತ್ತದೆ.

ಹೆಚ್ಚು ಮಂದಿ ಎಡವುವುದು ಅಮೋನಿಯಂನಲ್ಲಿ. ಅಮೋನಿಯಂ ಕ್ಲೋರೈಡ್‌ನಲ್ಲಿ ನೈಟ್ರೋಜನ್, ಹೈಡ್ರೋಜನ್, ಕ್ಲೋರಿನ್ ಮೂರೂ ಅಲೋಹಗಳು, ಲೋಹದ ಸುಳಿವೇ ಇಲ್ಲ. ಆದರೂ ಅದು ಅಯಾನಿಕ್ ಲವಣ. ‘ನೈಟ್ರೋಜನ್ ಟೆಟ್ರಾಹೈಡ್ರೈಡ್ ಕ್ಲೋರೈಡ್’ ಎಂದು ಬರೆಯುವವರು ಗುಂಪನ್ನು ಗುರುತಿಸದೆ ಪರಮಾಣುಗಳನ್ನು ಬಿಡಿಬಿಡಿಯಾಗಿ ಎಣಿಸಿರುತ್ತಾರೆ.

ಇನ್ನು 1.7ರ ನಿಯಮ. ಎಲೆಕ್ಟ್ರೋನೆಗೆಟಿವಿಟಿಯನ್ನು ಅಳೆಯುವ ಪೌಲಿಂಗ್ ಮಾಪಕದಲ್ಲಿ ವ್ಯತ್ಯಾಸ 1.7ರ ಆಸುಪಾಸಿನಲ್ಲಿದ್ದರೆ ಬಂಧದ ಅಯಾನಿಕ್ ಗುಣ ಸುಮಾರು ಅರ್ಧದಷ್ಟು ಎಂಬ ಅಂದಾಜಿನಿಂದ ಹುಟ್ಟಿದ ಗಡಿ ಅದು. ಬಂಧದ ಧ್ರುವೀಯತೆಯನ್ನು ಅಂದಾಜಿಸಲು ಉಪಯುಕ್ತವೇ ಹೌದು, ಹೆಸರಿಡಲು ಮಾತ್ರ ನಂಬಬೇಡಿ. ಲೆಕ್ಕ ಹಾಕಿ ನೋಡಿ: ಫ್ಲೋರಿನ್ 3.98, ಬೋರಾನ್ 2.04, ವ್ಯತ್ಯಾಸ 1.94. ನಿಯಮದ ಪ್ರಕಾರ ಬೋರಾನ್ ಟ್ರೈಫ್ಲೋರೈಡ್ ಅಯಾನಿಕ್ ಆಗಬೇಕಿತ್ತು, ಆದರೆ ಅದು ಸುಮಾರು −100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಅನಿಲ. ಸಿಲಿಕಾನ್ ಟೆಟ್ರಾಫ್ಲೋರೈಡ್‌ನಲ್ಲಿ ವ್ಯತ್ಯಾಸ 2.08, ಅದೂ ಅನಿಲವೇ. ಹೈಡ್ರೋಜನ್ ಫ್ಲೋರೈಡ್ 1.78, ಅದೂ ಬಿಡಿ ಅಣುಗಳ ವಸ್ತು. ಅತ್ತ ಸೋಡಿಯಂ ಹೈಡ್ರೈಡ್‌ನಲ್ಲಿ ವ್ಯತ್ಯಾಸ ಬರೀ 1.27, ಲಿಥಿಯಂ ಅಯೊಡೈಡ್‌ನಲ್ಲಿ 1.68. ಎರಡೂ ಅಯಾನಿಕ್ ಹರಳುಗಳು. ಲೋಹ ಇದೆಯೇ ಎಂಬ ಒಂದು ಪ್ರಶ್ನೆ ಈ ಐದಕ್ಕೂ ಸರಿಯಾದ ಹೆಸರು ಕೊಡುತ್ತದೆ, 1.7 ಐದರಲ್ಲೂ ದಾರಿ ತಪ್ಪಿಸುತ್ತದೆ.

ಒಂದೇ ಆವೇಶದ ಲೋಹಗಳು

ಇದು ಸುಲಭದ ಭಾಗ. ಆವರ್ತ ಕೋಷ್ಟಕದ ಮೊದಲ ಗುಂಪಿನ ಲೋಹಗಳು 1+, ಎರಡನೆಯ ಗುಂಪಿನವು 2+, ಅಲ್ಯೂಮಿನಿಯಂ 3+. ಇವುಗಳ ಜೊತೆಗೆ ಜಿಂಕ್ ಮತ್ತು ಕ್ಯಾಡ್ಮಿಯಂ 2+, ಸಿಲ್ವರ್ 1+ ಎಂದು ನೆನಪಿಡಿ. ಸಿಲ್ವರ್‌ಗೆ 2+ ಸಂಯುಕ್ತಗಳು ಇವೆ, ಆದರೆ ಅಪರೂಪ, ಹಾಗಾಗಿ ಅಂಕಿ ಕಾಣದಿದ್ದರೆ 1+ ಎಂದೇ ತಿಳಿಯುವುದು. ಋಣ ಅಯಾನುಗಳ ಪೈಕಿ ಫ್ಲೋರಿನ್, ಕ್ಲೋರಿನ್‌ನಂಥ ಹ್ಯಾಲೊಜನ್‌ಗಳು 1−, ಆಕ್ಸೈಡ್ ಮತ್ತು ಸಲ್ಫೈಡ್ 2−, ನೈಟ್ರೈಡ್ ಮತ್ತು ಫಾಸ್ಫೈಡ್ 3−. ಲೋಹದ ಹೆಸರು ಹಾಗೇ ಮುಂದೆ, ಅಲೋಹದ ಹೆಸರಿನ ಬಾಲ ಕತ್ತರಿಸಿ ‘ಐಡ್’ ಸೇರಿಸಿ ಹಿಂದೆ. ಅಲ್ಯೂಮಿನಿಯಂ ಆಕ್ಸೈಡ್, ಮೆಗ್ನೀಷಿಯಂ ನೈಟ್ರೈಡ್, ಜಿಂಕ್ ಸಲ್ಫೈಡ್.

ಹೆಸರಿನಿಂದ ಸೂತ್ರಕ್ಕೆ ಹೋಗುವಾಗ ಆವೇಶಗಳನ್ನು ಅಡ್ಡಡ್ಡ ಬದಲಿಸುವ ಉಪಾಯ ಎಲ್ಲರಿಗೂ ಗೊತ್ತು. ಅಲ್ಯೂಮಿನಿಯಂನ 3 ಆಕ್ಸಿಜನ್‌ಗೆ, ಆಕ್ಸಿಜನ್‌ನ 2 ಅಲ್ಯೂಮಿನಿಯಂಗೆ. ಒಟ್ಟು 6+ ಮತ್ತು 6−, ಸರಿಹೋಯಿತು. ಮೆಗ್ನೀಷಿಯಂ ಆಕ್ಸೈಡ್‌ನಲ್ಲಿ ಇದೇ ಉಪಾಯದಿಂದ ಎರಡು ಮೆಗ್ನೀಷಿಯಂ, ಎರಡು ಆಕ್ಸಿಜನ್ ಬರುತ್ತದೆ. ಅದನ್ನು ಒಂದು–ಒಂದಕ್ಕೆ ಇಳಿಸಬೇಕು, ಏಕೆಂದರೆ ಅಯಾನಿಕ್ ಸೂತ್ರ ಹೇಳುವುದು ಹರಳಿನಲ್ಲಿರುವ ಅನುಪಾತವನ್ನು, ಬಿಡಿ ಅಣುವನ್ನಲ್ಲ. ಇಳಿಸಬಾರದ ಎರಡು ಜಾಗಗಳಿವೆ: ಒಂದು ಪೆರಾಕ್ಸೈಡ್ (ಎರಡು ಆಕ್ಸಿಜನ್ ಬಂಧಿಸಿಕೊಂಡ ಅಯಾನು, ಮುಂದೆ ಬರುತ್ತದೆ), ಇನ್ನೊಂದು ಮರ್ಕ್ಯುರಿ(1). ಮರ್ಕ್ಯುರಿ(1) ಕ್ಲೋರೈಡ್‌ನಲ್ಲಿ ಎರಡು ಪಾದರಸದ ಪರಮಾಣುಗಳು ಪರಸ್ಪರ ಬಂಧಿಸಿಕೊಂಡು ಒಟ್ಟಾಗಿ 2+ ಆವೇಶ ಹೊತ್ತ ಒಂದೇ ಅಯಾನು ಆಗಿರುತ್ತವೆ. ಅದರ ಸೂತ್ರ ಎರಡು ಪಾದರಸ, ಎರಡು ಕ್ಲೋರಿನ್ ಎಂದೇ ಉಳಿಯಬೇಕು.

ಆವರಣದೊಳಗಿನ ಅಂಕಿ

ಕಬ್ಬಿಣ 2+ ಆಗಿಯೂ 3+ ಆಗಿಯೂ ಇರುತ್ತದೆ. ಕಾಪರ್ 1+, 2+. ಟಿನ್ ಮತ್ತು ಲೆಡ್ 2+, 4+. ಕ್ರೋಮಿಯಂ, ಮ್ಯಾಂಗನೀಸ್, ಕೋಬಾಲ್ಟ್, ಮರ್ಕ್ಯುರಿ, ಗೋಲ್ಡ್ ಎಲ್ಲವೂ ಒಂದಕ್ಕಿಂತ ಹೆಚ್ಚು ಆವೇಶದವು. ಇಲ್ಲಿ ‘ಐರನ್ ಕ್ಲೋರೈಡ್’ ಎಂದರೆ ಎರಡು ಸೂತ್ರಗಳು ಸಾಧ್ಯ, ಹೆಸರು ಅಪೂರ್ಣ. ಅದಕ್ಕೇ ಐರನ್(2) ಕ್ಲೋರೈಡ್, ಐರನ್(3) ಕ್ಲೋರೈಡ್. ಈ ಪದ್ಧತಿಯನ್ನು ಜರ್ಮನಿಯ ರಸಾಯನವಿಜ್ಞಾನಿ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಮುಂದಿಟ್ಟರು, ಅವರ ಹೆಸರಿನಿಂದಲೇ ಅದನ್ನು ಕರೆಯುವುದು.

ಅತಿ ಹೆಚ್ಚು ಅಂಕ ಕಳೆಯುವ ತಪ್ಪು ಇಲ್ಲಿಯೇ. ಆವರಣದಲ್ಲಿರುವುದು ಒಂದು ಲೋಹ ಪರಮಾಣುವಿನ ಆವೇಶ, ಅದು ಪರಮಾಣುಗಳ ಸಂಖ್ಯೆ ಅಲ್ಲ. ಎರಡು ಕಬ್ಬಿಣ, ಮೂರು ಆಕ್ಸಿಜನ್ ಇರುವ ತುಕ್ಕುಬಣ್ಣದ ಆಕ್ಸೈಡನ್ನು ‘ಐರನ್(2) ಆಕ್ಸೈಡ್’ ಎಂದು ಬರೆಯುವವರು ಕಬ್ಬಿಣದ ಕೆಳಗಿರುವ 2 ಅನ್ನು ನಕಲು ಮಾಡಿರುತ್ತಾರೆ. ಸರಿಯಾದ ದಾರಿ ಬಲದಿಂದ ಎಡಕ್ಕೆ. ಆಕ್ಸಿಜನ್‌ನ ಆವೇಶ ಗೊತ್ತಿದೆ, 2−. ಮೂರು ಆಕ್ಸಿಜನ್‌ಗೆ ಒಟ್ಟು 6−. ಅದನ್ನು ಸರಿದೂಗಿಸುವ 6+ ಎರಡು ಕಬ್ಬಿಣಕ್ಕೆ ಹಂಚಿದರೆ ತಲಾ 3+. ಹೆಸರು ಐರನ್(3) ಆಕ್ಸೈಡ್. ಕಾಪರ್‌ನಲ್ಲಿ ಈ ತಪ್ಪು ಇನ್ನೂ ಮೋಸದ್ದು: ಎರಡು ಕಾಪರ್, ಒಂದು ಆಕ್ಸಿಜನ್ ಇದ್ದರೆ ಕಾಪರ್(1) ಆಕ್ಸೈಡ್, ಒಂದು ಕಾಪರ್ ಇದ್ದರೆ ಕಾಪರ್(2) ಆಕ್ಸೈಡ್. ಪರಮಾಣು ಸಂಖ್ಯೆಯನ್ನೇ ನಕಲು ಮಾಡಿದರೆ ಎರಡೂ ಅದಲುಬದಲು.

ಹಂಚಿದಾಗ ಪೂರ್ಣಾಂಕ ಬರದಿದ್ದರೆ ಲೆಕ್ಕ ತಪ್ಪಿದೆ ಎಂದುಕೊಳ್ಳಬೇಡಿ, ಲೋಹ ಎರಡು ಆವೇಶಗಳಲ್ಲಿ ಬೆರೆತಿರಬಹುದು. ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್ ಇರುವ ಮ್ಯಾಗ್ನೆಟೈಟ್‌ನಲ್ಲಿ 8+ ಅನ್ನು ಮೂರಕ್ಕೆ ಹಂಚಬೇಕು, ಭಿನ್ನರಾಶಿ ಬರುತ್ತದೆ. ನಿಜವಾಗಿ ಅಲ್ಲಿರುವುದು ಒಂದು 2+ ಕಬ್ಬಿಣ, ಎರಡು 3+ ಕಬ್ಬಿಣ. ಹೆಸರು ಐರನ್(2,3) ಆಕ್ಸೈಡ್. ಕೆಂಪು ಸೀಸ ಎಂಬ ಬಣ್ಣದ ಪುಡಿಯಲ್ಲೂ ಮೂರು ಲೆಡ್, ನಾಲ್ಕು ಆಕ್ಸಿಜನ್. ಲೆಕ್ಕ ಅದೇ, 8+ ಮೂರಕ್ಕೆ. ಆದರೆ ಲೆಡ್‌ಗೆ ಒಗ್ಗುವುದು 2+ ಮತ್ತು 4+. ಆದ್ದರಿಂದ ಇಲ್ಲಿ ಎರಡು 2+, ಒಂದು 4+. ಹೆಸರು ಲೆಡ್(2,4) ಆಕ್ಸೈಡ್. ಒಂದೇ ಅಚ್ಚಿನ ಎರಡು ಸೂತ್ರಗಳು, ಒಳಗಿನ ಹಂಚಿಕೆ ಬೇರೆಬೇರೆ. ಲೋಹದ ಸ್ವಭಾವ ಗೊತ್ತಿಲ್ಲದೆ ಬರೀ ಗಣಿತದಿಂದ ಇದು ತಿಳಿಯುವುದಿಲ್ಲ.

ಫೆರಸ್–ಫೆರಿಕ್, ಕ್ಯೂಪ್ರಸ್–ಕ್ಯೂಪ್ರಿಕ್, ಸ್ಟ್ಯಾನಸ್–ಸ್ಟ್ಯಾನಿಕ್ ಎಂಬ ಹಳೆಯ ಹೆಸರುಗಳು ಪುಸ್ತಕಗಳಲ್ಲೂ ಸೀಸೆಗಳ ಚೀಟಿಗಳಲ್ಲೂ ಇನ್ನೂ ಓಡಾಡುತ್ತಿವೆ. ರಸಾಯನವಿಜ್ಞಾನದ ಅಂತರರಾಷ್ಟ್ರೀಯ ಸಂಸ್ಥೆ ಐಯುಪ್ಯಾಕ್ ಇವುಗಳನ್ನು ಬಿಡಿ ಎನ್ನುತ್ತದೆ. ಬಿಡಲು ಕಾರಣವೂ ಇದೆ: ‘ಅಸ್’ ಎಂದರೆ ಆ ಲೋಹದ ಕಡಿಮೆ ಆವೇಶ, ‘ಇಕ್’ ಎಂದರೆ ಹೆಚ್ಚಿನದು ಎಂದಷ್ಟೇ ಅರ್ಥ. ಎಷ್ಟು ಎಂಬುದು ಹೆಸರಿನಲ್ಲಿಲ್ಲ. ಫೆರಸ್ 2+, ಕ್ಯೂಪ್ರಸ್ 1+. ಫೆರಿಕ್ 3+, ಕ್ಯೂಪ್ರಿಕ್ 2+, ಸ್ಟ್ಯಾನಿಕ್ 4+. ಓದಿ ಅರ್ಥಮಾಡಿಕೊಳ್ಳಲು ಕಲಿತಿರಿ, ಬರೆಯುವಾಗ ಅಂಕಿಯನ್ನೇ ಬಳಸಿ.

ಸೋಡಿಯಂ(1) ಕ್ಲೋರೈಡ್ ಎಂದೂ ಬರೆಯಬಹುದೇ? ಅರ್ಥ ಕೆಡುವುದಿಲ್ಲ, ಆದರೆ ಅನಗತ್ಯ. ಯಾವ ಲೋಹಕ್ಕೆ ಅಂಕಿ ಬೇಕು ಎಂಬುದು ಗೊತ್ತಿದೆಯೇ ಎಂದು ಪರೀಕ್ಷಿಸುವಲ್ಲಿ ಇದಕ್ಕೆ ಅಂಕ ಕಳೆಯುತ್ತಾರೆ.

ಗುಂಪಾಗಿ ಬರುವ ಅಯಾನುಗಳು

ಮೂರು ಅಥವಾ ಹೆಚ್ಚು ಧಾತುಗಳಿರುವ ಸೂತ್ರ ಕಂಡರೆ ಒಳಗೆ ಬಹುಪರಮಾಣು ಅಯಾನು ಇದೆಯೇ ಎಂದು ಹುಡುಕಿ. ಇವುಗಳಿಗೆ ಅಡ್ಡದಾರಿ ಇಲ್ಲ, ಆವೇಶದ ಸಮೇತ ಬಾಯಿಪಾಠ ಆಗಬೇಕು. 1− ಆವೇಶದವು ಹೈಡ್ರಾಕ್ಸೈಡ್, ನೈಟ್ರೇಟ್, ನೈಟ್ರೈಟ್, ಸಯನೈಡ್, ಅಸಿಟೇಟ್, ಪರ್ಮ್ಯಾಂಗನೇಟ್, ಹೈಡ್ರೋಜನ್ ಕಾರ್ಬೊನೇಟ್, ಕ್ಲೋರೇಟ್. 2− ಆವೇಶದವು ಸಲ್ಫೇಟ್, ಸಲ್ಫೈಟ್, ಥಯೋಸಲ್ಫೇಟ್, ಕಾರ್ಬೊನೇಟ್, ಕ್ರೋಮೇಟ್, ಡೈಕ್ರೋಮೇಟ್, ಪೆರಾಕ್ಸೈಡ್. 3− ಫಾಸ್ಫೇಟ್. ಶಾಲಾ ಮಟ್ಟಕ್ಕೆ ಇಷ್ಟು ಸಾಕು.

ಬಾಲಾಕ್ಷರಗಳ ಬಗ್ಗೆ ಒಂದು ತಪ್ಪು ನಂಬಿಕೆ ಇದೆ, ‘ಏಟ್’ ಎಂದರೆ ನಾಲ್ಕು ಆಕ್ಸಿಜನ್, ‘ಐಟ್’ ಎಂದರೆ ಮೂರು ಎಂದು. ಸಲ್ಫೇಟ್–ಸಲ್ಫೈಟ್‌ಗೆ ಅದು ಹೊಂದುತ್ತದೆ, ನೈಟ್ರೇಟ್–ನೈಟ್ರೈಟ್‌ನಲ್ಲಿ ಮೂರು ಮತ್ತು ಎರಡು. ಸರಿಯಾದ ಮಾತೇನೆಂದರೆ, ಶಾಲೆಯಲ್ಲಿ ಕಾಣುವ ಇಂಥ ಜೋಡಿಗಳಲ್ಲಿ ‘ಐಟ್’ಗೆ ‘ಏಟ್’ಗಿಂತ ಒಂದು ಆಕ್ಸಿಜನ್ ಕಡಿಮೆ, ಆವೇಶ ಮಾತ್ರ ಅದೇ. ಕ್ಲೋರಿನ್‌ನಲ್ಲಿ ನಾಲ್ಕು ಮೆಟ್ಟಿಲುಗಳಿರುವುದರಿಂದ ಇನ್ನೆರಡು ಪದಗಳು ಬೇಕಾದವು: ಹೈಪೋಕ್ಲೋರೈಟ್‌ನಲ್ಲಿ ಒಂದು ಆಕ್ಸಿಜನ್, ಕ್ಲೋರೈಟ್‌ನಲ್ಲಿ ಎರಡು, ಕ್ಲೋರೇಟ್‌ನಲ್ಲಿ ಮೂರು, ಪರ್‌ಕ್ಲೋರೇಟ್‌ನಲ್ಲಿ ನಾಲ್ಕು. ನಾಲ್ಕಕ್ಕೂ ಆವೇಶ 1−. ಇನ್ನು ‘ಐಡ್’ ಎಂದು ಮುಗಿದರೆ ಒಂಟಿ ಧಾತು ಎಂಬುದು ಸಾಮಾನ್ಯ ನಿಯಮ. ಹೈಡ್ರಾಕ್ಸೈಡ್, ಸಯನೈಡ್, ಪೆರಾಕ್ಸೈಡ್, ಅಜೈಡ್ ಅದಕ್ಕೆ ಅಪವಾದಗಳು. ಅಜೈಡ್‌ನಲ್ಲಿ ಮೂರು ನೈಟ್ರೋಜನ್ ಸೇರಿ 1− ಆವೇಶ. ಆದ್ದರಿಂದ ಒಂದು ಸೋಡಿಯಂ, ಮೂರು ನೈಟ್ರೋಜನ್ ಇದ್ದರೆ ಸೋಡಿಯಂ ಅಜೈಡ್. ಮೂರು ಸೋಡಿಯಂ, ಒಂದು ನೈಟ್ರೋಜನ್ ಇದ್ದರೆ ಸೋಡಿಯಂ ನೈಟ್ರೈಡ್.

ಸೂತ್ರದಲ್ಲಿ ಗುಂಪು ಒಂದಕ್ಕಿಂತ ಹೆಚ್ಚು ಬಾರಿ ಬಂದಾಗ ಆವರಣ ಕಡ್ಡಾಯ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಲ್ಲಿ ಆವರಣ ಮರೆತರೆ ಎರಡು ಹೈಡ್ರೋಜನ್, ಒಂದೇ ಆಕ್ಸಿಜನ್ ಎಂದಾಗುತ್ತದೆ, ಸಮೀಕರಣ ಸರಿದೂಗಿಸುವಾಗ ಇಡೀ ಲೆಕ್ಕ ಹಾಳು. ಒಂದೇ ಬಾರಿ ಬಂದರೆ ಆವರಣ ಬೇಡ. ಅಮೋನಿಯಂ ನೈಟ್ರೇಟ್ ಬರೆಯುವಾಗ ಎರಡೂ ಕಡೆಯ ನೈಟ್ರೋಜನ್‌ಗಳನ್ನು ಕೂಡಿಸಿ ಒಂದೇ ಕಡೆ ಬರೆಯಬೇಡಿ. ಒಂದು ಧನ ಅಯಾನಿನದು, ಇನ್ನೊಂದು ಋಣ ಅಯಾನಿನದು.

ನಿಮ್ಮ ‘ಡೈ’ ಇಲ್ಲಿಯೂ ವೇಷ ಹಾಕಿಕೊಂಡು ಬರುತ್ತದೆ. ಪೊಟ್ಯಾಸಿಯಂ ಡೈಕ್ರೋಮೇಟ್‌ನ ‘ಡೈ’ ಆ ಅಯಾನಿನ ಹೆಸರಿನದೇ ಭಾಗ. ಅಯಾನಿನಲ್ಲಿ ಎರಡು ಕ್ರೋಮಿಯಂ, ಏಳು ಆಕ್ಸಿಜನ್ ಇವೆ. ಅದು ‘ಎರಡು ಕ್ರೋಮೇಟ್’ ಅಲ್ಲ. ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್‌ನಲ್ಲಿ ‘ಡೈ’ ಫಾಸ್ಫೇಟಿಗೆ ಅಂಟಿದ ಹೈಡ್ರೋಜನ್‌ಗಳನ್ನು ಎಣಿಸುತ್ತದೆ. ಅಯಾನಿಕ್ ಹೆಸರಿನಲ್ಲಿ ‘ಡೈ’ ಇರಲೇಬಾರದು ಎಂದು ಕುರುಡಾಗಿ ಅಳಿಸಿಬಿಟ್ಟರೆ ಬೇರೆಯೇ ಸಂಯುಕ್ತವಾಗುತ್ತದೆ.

ಒಂದಕ್ಕೆ ಎರಡು ಆಕ್ಸಿಜನ್: ಒಂದೇ ಆಕಾರದ ನಾಲ್ಕು ಸೂತ್ರಗಳು

ಮ್ಯಾಂಗನೀಸ್ ಡೈಆಕ್ಸೈಡ್ ಪ್ರಶ್ನೆಗೆ ಈಗ ಬರೋಣ. ಕಾರ್ಬನ್, ಮ್ಯಾಂಗನೀಸ್, ಬೇರಿಯಂ, ಪೊಟ್ಯಾಸಿಯಂ ಈ ನಾಲ್ಕರಲ್ಲಿ ಪ್ರತಿಯೊಂದೂ ಎರಡು ಆಕ್ಸಿಜನ್ ಜೊತೆ ಸೇರಿ ಒಂದು ಸಂಯುಕ್ತ ಕೊಡುತ್ತದೆ. ಕಾಗದದ ಮೇಲೆ ಎಲ್ಲ ಸೂತ್ರಗಳೂ ಒಂದೇ ಆಕಾರದವು, ಹೆಸರುಗಳು ಮಾತ್ರ ನಾಲ್ಕು ಬಗೆ. ಹೆಸರಿಡುವ ವಿದ್ಯೆ ಕೈಹತ್ತಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಕಾಣೆ.

ಕಾರ್ಬನ್ ಅಲೋಹ. ಎಣಿಸಿ: ಕಾರ್ಬನ್ ಡೈಆಕ್ಸೈಡ್.

ಮ್ಯಾಂಗನೀಸ್ ಲೋಹ. ಆಕ್ಸಿಜನ್ ತಲಾ 2− ಎಂದು ಹಿಡಿದರೆ ಮ್ಯಾಂಗನೀಸ್ 4 ಆಗಬೇಕು. ಮ್ಯಾಂಗನೀಸ್‌ಗೆ 4 ಒಗ್ಗುತ್ತದೆ. ಹೆಸರು ಮ್ಯಾಂಗನೀಸ್(4) ಆಕ್ಸೈಡ್. ಟಿನ್ ಮತ್ತು ಲೆಡ್‌ನ ಇದೇ ಆಕಾರದ ಆಕ್ಸೈಡುಗಳಿಗೂ ಇದೇ ರೀತಿ.

ಬೇರಿಯಂ ಎರಡನೆಯ ಗುಂಪಿನದು, 2+ ಬಿಟ್ಟು ಬೇರೆ ಆಗದು. 4+ ಎಂದು ಬರೆಯುವಂತೆಯೇ ಇಲ್ಲ. ಹಾಗಾದರೆ ಎರಡು ಆಕ್ಸಿಜನ್ ಸೇರಿ ಒಟ್ಟು 2− ಮಾತ್ರ ಹೊತ್ತಿವೆ. ಅಂದರೆ ಅವು ಪರಸ್ಪರ ಬಂಧಿಸಿಕೊಂಡ ಪೆರಾಕ್ಸೈಡ್ ಅಯಾನು. ಹೆಸರು ಬೇರಿಯಂ ಪೆರಾಕ್ಸೈಡ್. ಎರಡು ಸೋಡಿಯಂ, ಎರಡು ಆಕ್ಸಿಜನ್ ಇರುವ ಸೋಡಿಯಂ ಪೆರಾಕ್ಸೈಡೂ ಇದೇ ಜಾತಿ. ಸೂತ್ರವನ್ನು ಒಂದು–ಒಂದಕ್ಕೆ ಇಳಿಸಬಾರದು ಎಂದು ಮೇಲೆ ಹೇಳಿದ್ದು ಇದಕ್ಕೇ: ಇಳಿಸಿದರೆ ಆ ಅಯಾನೇ ಮುರಿದುಹೋಗುತ್ತದೆ.

ಪೊಟ್ಯಾಸಿಯಂ 1+. ಎರಡು ಆಕ್ಸಿಜನ್ ಸೇರಿ ಕೇವಲ 1−. ಇದು ಸೂಪರಾಕ್ಸೈಡ್ ಅಯಾನು, ಹೆಸರು ಪೊಟ್ಯಾಸಿಯಂ ಸೂಪರಾಕ್ಸೈಡ್.

ಗಮನಿಸಿ, ನಾಲ್ಕರಲ್ಲೂ ನಿರ್ಧಾರ ಮಾಡಿದ್ದು ಎಡಗಡೆಯ ಧಾತು. ಲೆಡ್‌ನ ಆಕ್ಸೈಡನ್ನು ‘ಲೆಡ್ ಪೆರಾಕ್ಸೈಡ್’ ಎಂದು ಹಳಬರು ಕರೆಯುತ್ತಿದ್ದುದುಂಟು. ಅದು ತಪ್ಪು. ಅಲ್ಲಿ ಆಕ್ಸಿಜನ್–ಆಕ್ಸಿಜನ್ ಬಂಧವೇ ಇಲ್ಲ.

ಹಾಗಾದರೆ ಪುಸ್ತಕದ ‘ಮ್ಯಾಂಗನೀಸ್ ಡೈಆಕ್ಸೈಡ್’ ತಪ್ಪೇ? ಅಲ್ಲ. ಇರುವುದನ್ನು ಎಣಿಸಿ ಹೇಳುವ ಹೆಸರು ಯಾವ ಸಂಯುಕ್ತಕ್ಕಾದರೂ ಸಲ್ಲುತ್ತದೆ ಎಂಬುದು ಐಯುಪ್ಯಾಕ್ ನಿಲುವು. ಲೋಹದ ಜೊತೆ ಎಣಿಕೆ ಪದ ನಿಷಿದ್ಧ ಎಂಬುದು ಶಾಲೆಯಲ್ಲಿ ಕಲಿಕೆ ಸುಲಭವಾಗಲೆಂದು ಹಾಕಿಕೊಂಡ ಗೆರೆ. ಲೋಹದ ಆವೇಶ 4, 5, 6ರಷ್ಟು ಮೇಲೇರಿದಾಗ ಬಳಕೆಯಲ್ಲಿ ಎಣಿಕೆ ಹೆಸರೇ ಹೆಚ್ಚು: ಟೈಟಾನಿಯಂ ಡೈಆಕ್ಸೈಡ್, ಕ್ರೋಮಿಯಂ ಟ್ರೈಆಕ್ಸೈಡ್, ಯುರೇನಿಯಂ ಹೆಕ್ಸಾಫ್ಲೋರೈಡ್. ಇದಕ್ಕೆ ರಾಸಾಯನಿಕ ನ್ಯಾಯವೂ ಇದೆ. ಇಂಥ ಸಂಯುಕ್ತಗಳಲ್ಲಿ ಲೋಹ ನಿಜವಾಗಿ 4+ ಅಥವಾ 6+ ಅಯಾನಾಗಿ ಕೂತಿರುವುದಿಲ್ಲ. ಆವರಣದ ಅಂಕಿಯನ್ನು ‘ಉತ್ಕರ್ಷಣ ಸಂಖ್ಯೆ’ ಎನ್ನುವುದು ಅದಕ್ಕೇ: ಅದು ಎಲೆಕ್ಟ್ರಾನ್‌ಗಳ ಲೆಕ್ಕಪತ್ರದ ಅಂಕಿ, ಅಳೆದು ನೋಡಿದ ಆವೇಶವಲ್ಲ. ಪರೀಕ್ಷೆಯಲ್ಲಿ ಮ್ಯಾಂಗನೀಸ್(4) ಆಕ್ಸೈಡ್ ಬರೆಯುವುದು ಸುರಕ್ಷಿತ. ಕ್ಯಾಲ್ಸಿಯಂ ಡೈಕ್ಲೋರೈಡ್ ಮಾತ್ರ ಯಾರೂ ಬಳಸುವುದಿಲ್ಲ, ಏಕೆಂದರೆ ಅಲ್ಲಿ ‘ಡೈ’ ಹೊಸದೇನನ್ನೂ ತಿಳಿಸುವುದಿಲ್ಲ.

ಅಲೋಹಗಳು ಮಾತ್ರ ಇದ್ದಾಗ

ಎಣಿಕೆ ಪದಗಳು ಗ್ರೀಕ್ ಮೂಲದವು (ಒಂಬತ್ತರದು ಲ್ಯಾಟಿನ್): ಮೊನೊ, ಡೈ, ಟ್ರೈ, ಟೆಟ್ರಾ, ಪೆಂಟಾ, ಹೆಕ್ಸಾ, ಹೆಪ್ಟಾ, ಆಕ್ಟಾ, ನೋನಾ, ಡೆಕಾ. ಎಲೆಕ್ಟ್ರಾನ್‌ಗಳನ್ನು ಕಡಿಮೆ ಸೆಳೆಯುವ ಧಾತು ಮುಂದೆ, ಹೆಚ್ಚು ಸೆಳೆಯುವುದು ‘ಐಡ್’ ಬಾಲದೊಂದಿಗೆ ಹಿಂದೆ. ಮುಂದಿನ ಧಾತು ಒಂದೇ ಇದ್ದರೆ ಅದಕ್ಕೆ ‘ಮೊನೊ’ ಹಾಕುವುದಿಲ್ಲ. ಆದ್ದರಿಂದ ಸಲ್ಫರ್ ಹೆಕ್ಸಾಫ್ಲೋರೈಡ್, ಡೈನೈಟ್ರೋಜನ್ ಟ್ರೈಆಕ್ಸೈಡ್, ಅಯೊಡಿನ್ ಹೆಪ್ಟಾಫ್ಲೋರೈಡ್, ಡೈಸಲ್ಫರ್ ಡೈಕ್ಲೋರೈಡ್.

ಇಲ್ಲಿ ಸಂಖ್ಯೆಗಳನ್ನು ಸರಳಗೊಳಿಸಬಾರದು. ಅಯಾನಿಕ್ ಭಾಗದಲ್ಲಿ ರೂಢಿಯಾದ ಕೈ ಇಲ್ಲಿ ಎರಡು–ನಾಲ್ಕನ್ನು ಒಂದು–ಎರಡಕ್ಕೆ ಇಳಿಸಿಬಿಡುತ್ತದೆ. ಡೈನೈಟ್ರೋಜನ್ ಟೆಟ್ರಾಕ್ಸೈಡ್ ಬಣ್ಣವಿಲ್ಲದ್ದು, ನೈಟ್ರೋಜನ್ ಡೈಆಕ್ಸೈಡ್ ಕಂದು ಬಣ್ಣದ್ದು. ಒಂದು ಮತ್ತೊಂದಾಗಿ ಬದಲಾಗುತ್ತಿರುತ್ತದೆ ನಿಜ, ಆದರೂ ಅವು ಬೇರೆಬೇರೆ ಅಣುಗಳು. ಅಣುವಿನಲ್ಲಿ ನಿಜಕ್ಕೂ ಎಷ್ಟು ಪರಮಾಣುಗಳಿವೆಯೋ ಅಷ್ಟನ್ನೇ ಹೇಳಬೇಕು.

ಈ ಶಿಸ್ತನ್ನು ಮುರಿದ ಹೆಸರೊಂದು ಎಲ್ಲ ಪ್ರಯೋಗಾಲಯಗಳಲ್ಲೂ ಇದೆ: ‘ಫಾಸ್ಫರಸ್ ಪೆಂಟಾಕ್ಸೈಡ್’. ಆ ಅಣುವಿನಲ್ಲಿರುವುದು ನಾಲ್ಕು ಫಾಸ್ಫರಸ್, ಹತ್ತು ಆಕ್ಸಿಜನ್. ಟೆಟ್ರಾಫಾಸ್ಫರಸ್ ಡೆಕಾಕ್ಸೈಡ್ ಎನ್ನುವುದು ಸರಿಯಾದ ಹೆಸರು. ಅಣುವಿನ ರಚನೆ ತಿಳಿಯುವ ಮೊದಲು ಬರೀ ಅನುಪಾತದಿಂದ ಇಟ್ಟ ಹೆಸರು ಹಾಗೇ ಉಳಿದುಬಂದಿದೆ.

ಸ್ವರಗಳು ಎದುರಾದಾಗ ಒಂದನ್ನು ಬಿಡುವುದು, ಅಂದರೆ ಪೆಂಟಾಕ್ಸೈಡ್, ಟೆಟ್ರಾಕ್ಸೈಡ್ ಎನ್ನುವುದು ರೂಢಿ. ಐಯುಪ್ಯಾಕ್‌ನ 2005ರ ಶಿಫಾರಸಿನಂತೆ ‘ಮೊನಾಕ್ಸೈಡ್’ ಒಂದರಲ್ಲಿ ಮಾತ್ರ ಸ್ವರ ಬಿಡಬಹುದು, ಉಳಿದೆಡೆ ಪೆಂಟಾಆಕ್ಸೈಡ್ ಎಂದು ಪೂರ್ತಿ ಬರೆಯಬೇಕು. ಎರಡೂ ಚಲಾವಣೆಯಲ್ಲಿವೆ. ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದೇ ಶಿಫಾರಸು ಧಾತುಗಳ ಕ್ರಮದಲ್ಲೂ ಒಂದು ಬದಲಾವಣೆ ತಂದಿತು: ಫ್ಲೋರಿನ್ ಮಾತ್ರವಲ್ಲದೆ ಎಲ್ಲ ಹ್ಯಾಲೊಜನ್‌ಗಳೂ ಆಕ್ಸಿಜನ್‌ನ ನಂತರ ಬರುತ್ತವೆ. ಅದರಂತೆ ಡೈಕ್ಲೋರಿನ್ ಮೊನಾಕ್ಸೈಡ್ ‘ಆಕ್ಸಿಜನ್ ಡೈಕ್ಲೋರೈಡ್’ ಆಗಬೇಕು. ಪಠ್ಯಪುಸ್ತಕಗಳಲ್ಲಿ ಹಳೆಯ ಕ್ರಮವೇ ಸಾಮಾನ್ಯ. ನೀರಿನ ಶುದ್ಧೀಕರಣದಲ್ಲಿ ಬಳಸುವ ಅನಿಲವನ್ನು ಎಲ್ಲರೂ ಈಗಲೂ ಕ್ಲೋರಿನ್ ಡೈಆಕ್ಸೈಡ್ ಎಂದೇ ಕರೆಯುತ್ತಾರೆ. ಆಕ್ಸಿಜನ್ ಡೈಫ್ಲೋರೈಡ್‌ಗೆ ಎರಡು ಕ್ರಮದಲ್ಲೂ ಒಂದೇ ಹೆಸರು, ಫ್ಲೋರಿನ್‌ಗಿಂತ ಹೆಚ್ಚು ಸೆಳೆಯುವ ಧಾತು ಇಲ್ಲವಲ್ಲ.

ನೀರು, ಅಮೋನಿಯಾ, ಮೀಥೇನ್ ತಮ್ಮ ರೂಢಿಯ ಹೆಸರಿನಲ್ಲೇ ಇರುತ್ತವೆ.

ಹೈಡ್ರೋಜನ್ ಮುಂದಿದ್ದರೆ

ಹೈಡ್ರೋಜನ್ ಅಲೋಹ, ಆದರೂ ರೂಢಿಯಲ್ಲಿ ಎಣಿಕೆ ಪದ ಹಾಕುವುದಿಲ್ಲ. ಎರಡು ಹೈಡ್ರೋಜನ್, ಒಂದು ಸಲ್ಫರ್ ಇದ್ದರೂ ಹೈಡ್ರೋಜನ್ ಸಲ್ಫೈಡ್. ಸಲ್ಫೈಡ್ 2− ಎಂದು ಗೊತ್ತಿರುವುದರಿಂದ ಸೂತ್ರ ತಾನಾಗಿ ಸಿಗುತ್ತದೆ. ಇದೇ ವಸ್ತು ನೀರಿನಲ್ಲಿ ಕರಗಿದಾಗ ಆಮ್ಲದ ಹೆಸರು ಪಡೆಯುತ್ತದೆ. ಅನಿಲ ರೂಪದ ಹೈಡ್ರೋಜನ್ ಕ್ಲೋರೈಡ್ ನೀರಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ. ಆಕ್ಸಿಜನ್ ಇರುವ ಅಯಾನಾದರೆ ‘ಏಟ್’ ಹೋಗಿ ‘ಇಕ್’, ‘ಐಟ್’ ಹೋಗಿ ‘ಅಸ್’: ನೈಟ್ರೇಟ್‌ನಿಂದ ನೈಟ್ರಿಕ್ ಆಮ್ಲ, ನೈಟ್ರೈಟ್‌ನಿಂದ ನೈಟ್ರಸ್ ಆಮ್ಲ. ಪ್ರಶ್ನೆಯಲ್ಲಿ ಅನಿಲವೋ ಜಲೀಯ ದ್ರಾವಣವೋ ಎಂಬ ಗುರುತು ಇದ್ದರೆ ಅದನ್ನು ನೋಡದೆ ಉತ್ತರ ಬರೆಯಬೇಡಿ.

ಹೆಸರು ಬಂಧಕ್ಕೆ ಸಾಕ್ಷಿಯಲ್ಲ

‘ಹೆಸರಿಡಿ’ ಎಂಬುದೂ ‘ಬಂಧ ಯಾವುದು’ ಎಂಬುದೂ ಬೇರೆಬೇರೆ ಪ್ರಶ್ನೆಗಳು. ಲೋಹ ಕಂಡರೆ ಅಯಾನಿಕ್ ಪದ್ಧತಿಯ ಹೆಸರಿಡಿ ಎಂದೆನೇ ಹೊರತು ಆ ಬಂಧ ಅಯಾನಿಕ್ಕೇ ಎಂದಲ್ಲ. ಟಿನ್(2) ಕ್ಲೋರೈಡ್ 247 ಡಿಗ್ರಿಯಲ್ಲಿ ಕರಗುವ ಘನವಸ್ತು. ಟಿನ್(4) ಕ್ಲೋರೈಡ್ ಕೋಣೆಯ ಉಷ್ಣತೆಯಲ್ಲೇ ದ್ರವ, 114 ಡಿಗ್ರಿಯಲ್ಲಿ ಕುದಿಯುತ್ತದೆ, ಬಿಡಿ ಅಣುಗಳಿಂದ ಆದದ್ದು. ಟೈಟಾನಿಯಂ(4) ಕ್ಲೋರೈಡೂ ಹಾಗೆಯೇ, 136 ಡಿಗ್ರಿಯಲ್ಲಿ ಕುದಿಯುವ ದ್ರವ. ಅಲ್ಯೂಮಿನಿಯಂ ಫ್ಲೋರೈಡ್ ಸುಮಾರು 1290 ಡಿಗ್ರಿಯವರೆಗೆ ಜಗ್ಗದು, ಅಲ್ಯೂಮಿನಿಯಂ ಕ್ಲೋರೈಡ್ 180 ಡಿಗ್ರಿಯ ಸುಮಾರಿಗೇ ನೇರ ಆವಿಯಾಗಿ ಎರಡು ಅಲ್ಯೂಮಿನಿಯಂ, ಆರು ಕ್ಲೋರಿನ್ ಇರುವ ಅಣುಗಳಾಗುತ್ತದೆ.

ಇದಕ್ಕೆ ಕಾರಣವನ್ನು ರಸಾಯನವಿಜ್ಞಾನಿ ಕಾಸಿಮಿರ್ ಫಜಾನ್ಸ್ 1923ರಲ್ಲಿ ಹೇಳಿದರು. ಧನ ಅಯಾನು ಚಿಕ್ಕದಾಗಿದ್ದು ಆವೇಶ ಹೆಚ್ಚಿದ್ದರೆ, ಋಣ ಅಯಾನು ದೊಡ್ಡದಾಗಿದ್ದರೆ, ಋಣ ಅಯಾನಿನ ಎಲೆಕ್ಟ್ರಾನ್ ಮೋಡ ಲೋಹದ ಕಡೆಗೆ ಎಳೆಯಲ್ಪಟ್ಟು ಬಂಧ ಸಹವೇಲೆನ್ಸೀಯವಾಗುತ್ತ ಹೋಗುತ್ತದೆ. ಫ್ಲೋರೈಡ್ ಚಿಕ್ಕದು, ಬಗ್ಗದು. ಕ್ಲೋರೈಡ್ ದೊಡ್ಡದು, ಬಗ್ಗುತ್ತದೆ. ಟಿನ್ 4+ ಬಲವಾಗಿ ಎಳೆಯುತ್ತದೆ, 2+ ಅಷ್ಟಾಗಿ ಎಳೆಯದು.

ಬಂಧವನ್ನು ಗುಣಗಳಿಂದ ಊಹಿಸುವಾಗ ದ್ರವನಬಿಂದು ಒಂದನ್ನೇ ನಂಬಬೇಡಿ. ಸಿಲಿಕಾನ್ ಡೈಆಕ್ಸೈಡ್ 1700 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, 801 ಡಿಗ್ರಿಯಲ್ಲಿ ಕರಗುವ ಸೋಡಿಯಂ ಕ್ಲೋರೈಡ್‌ಗಿಂತ ಬಹಳ ಮೇಲೆ. ಆದರೂ ಅದು ಸಹವೇಲೆನ್ಸೀಯ ಜಾಲ. ಕರಗಿದ ಸ್ಥಿತಿಯಲ್ಲಿ ವಿದ್ಯುತ್ ಹರಿಯುತ್ತದೆಯೇ ಎಂಬುದು ಇದಕ್ಕಿಂತ ನಂಬಿಕೆಯ ಪರೀಕ್ಷೆ.

ಅಲೋಹಗಳ ಕಡೆಯೂ ಇಂಥ ವಿಚಿತ್ರಗಳಿವೆ. ಫಾಸ್ಫರಸ್ ಪೆಂಟಾಕ್ಲೋರೈಡ್ ಆವಿಯಲ್ಲಿ ಅಣು, ಘನ ಸ್ಥಿತಿಯಲ್ಲಿ ನಾಲ್ಕು ಕ್ಲೋರಿನ್‌ನ ಧನ ಅಯಾನು ಮತ್ತು ಆರು ಕ್ಲೋರಿನ್‌ನ ಋಣ ಅಯಾನುಗಳ ಹರಳು. ಹೆಸರು ಎರಡಕ್ಕೂ ಒಂದೇ. ಥ್ಯಾಲಿಯಂನ ಒಂದು ಸಂಯುಕ್ತದಲ್ಲಂತೂ ಬಲದಿಂದ ಎಡಕ್ಕೆ ಲೆಕ್ಕ ಹಾಕುವ ವಿಧಾನವೇ ಕೈಕೊಡುತ್ತದೆ. ಒಂದು ಥ್ಯಾಲಿಯಂ, ಮೂರು ಅಯೊಡಿನ್ ಎಂದರೆ ಥ್ಯಾಲಿಯಂ(3) ಅಯೊಡೈಡ್ ಎನ್ನಬೇಕೆನಿಸುತ್ತದೆ. ನಿಜವಾಗಿ ಅದರಲ್ಲಿರುವುದು 1+ ಥ್ಯಾಲಿಯಂ ಮತ್ತು ಮೂರು ಅಯೊಡಿನ್‌ಗಳು ಸರಪಣಿಯಾಗಿ ಬೆಸೆದ 1− ಟ್ರೈಅಯೊಡೈಡ್ ಅಯಾನು. ಹೆಸರು ಥ್ಯಾಲಿಯಂ(1) ಟ್ರೈಅಯೊಡೈಡ್. ಪೊಟ್ಯಾಸಿಯಂ ಜೊತೆ ಮೂರು ಅಯೊಡಿನ್ ಕಂಡರೆ ಈ ಅನುಮಾನ ಕೂಡಲೇ ಬರುತ್ತದೆ, ಪೊಟ್ಯಾಸಿಯಂ 3+ ಆಗದು ಎಂದು ಗೊತ್ತಿದೆ. ಥ್ಯಾಲಿಯಂಗೆ 3+ ಕೂಡ ಸಾಧ್ಯವಿರುವುದರಿಂದ ಮೋಸಹೋಗುವುದು ಸುಲಭ.

ಬರೆದು ನೋಡಲು ಕೆಲವು

ಉತ್ತರ ಮುಚ್ಚಿಟ್ಟು ಮೊದಲು ನೀವೇ ಹೆಸರಿಡಿ, ಆಮೇಲೆ ಹೆಸರಿನಿಂದ ಮತ್ತೆ ಸೂತ್ರ ಬರೆಯಿರಿ. ಎರಡು ಸೂತ್ರಗಳು ಸಾಧ್ಯವಾದರೆ ಹೆಸರಿನಲ್ಲಿ ಏನೋ ಬಿಟ್ಟುಹೋಗಿದೆ.

ಎರಡು ಕ್ರೋಮಿಯಂ, ಮೂರು ಸಲ್ಫೇಟ್: ಮೂರು ಸಲ್ಫೇಟಿಗೆ 6−, ಕ್ರೋಮಿಯಂ ತಲಾ 3+. ಕ್ರೋಮಿಯಂ(3) ಸಲ್ಫೇಟ್.

ಎರಡು ಅಮೋನಿಯಂ, ಒಂದು ಡೈಕ್ರೋಮೇಟ್: ಅಮೋನಿಯಂ ಡೈಕ್ರೋಮೇಟ್. ಲೋಹ ಸೂತ್ರದ ಎಡತುದಿಯಲ್ಲಿಲ್ಲ, ಋಣ ಅಯಾನಿನ ಒಳಗಿದೆ, ಆದ್ದರಿಂದ ಆವರಣದ ಅಂಕಿ ಬೇಡ.

ಒಂದು ಕ್ಲೋರಿನ್, ಮೂರು ಫ್ಲೋರಿನ್: ಕ್ಲೋರಿನ್ ಟ್ರೈಫ್ಲೋರೈಡ್.

ನಾಲ್ಕು ಫಾಸ್ಫರಸ್, ಹತ್ತು ಸಲ್ಫರ್: ಟೆಟ್ರಾಫಾಸ್ಫರಸ್ ಡೆಕಾಸಲ್ಫೈಡ್. ಎರಡು–ಐದಕ್ಕೆ ಇಳಿಸಿದರೆ ತಪ್ಪು.

ಒಂದು ಕಾಪರ್, ಒಂದು ಸಲ್ಫೇಟ್, ಜೊತೆಗೆ ಐದು ನೀರಿನ ಅಣು: ಕಾಪರ್(2) ಸಲ್ಫೇಟ್ ಪೆಂಟಾಹೈಡ್ರೇಟ್. ಹರಳಿನೊಳಗಿನ ನೀರಿನ ಪ್ರಮಾಣವನ್ನು ಆವೇಶ ನಿರ್ಧರಿಸುವುದಿಲ್ಲ, ಎಣಿಸಿಯೇ ಹೇಳಬೇಕು. ಆದ್ದರಿಂದ ಅಯಾನಿಕ್ ಹೆಸರಿನಲ್ಲೂ ಎಣಿಕೆ ಪದ ಬಂತು.

ಎರಡು ವನಾಡಿಯಂ, ಐದು ಆಕ್ಸಿಜನ್: 10+ ಅನ್ನು ಎರಡಕ್ಕೆ ಹಂಚಿದರೆ 5. ವನಾಡಿಯಂ(5) ಆಕ್ಸೈಡ್. ಕಾರ್ಖಾನೆಯ ಚೀಟಿಯಲ್ಲಿ ‘ವನಾಡಿಯಂ ಪೆಂಟಾಕ್ಸೈಡ್’ ಎಂದಿದ್ದರೆ ಅದೂ ಇದೇ ಪುಡಿ.